ಆಪ್ಷನ್‌ಗೆ ಲಗಾಮು, ಭತ್ತಕ್ಕೆ ಬೀಗ

2021ರ ಡಿಸೆಂಬರ್ 20ರಂದು ಬಂಡವಾಳ ಪೇಟೆಯ ನಿಯಂತ್ರಕ ಸೆಬಿ, ಬಾಸ್ಮತಿಯೇತರ ಭತ್ತ, ಗೋಧಿ, ಕಡಲೆ, ಹೆಸರು, ಸಾಸಿವೆ, ಸೋಯಾ, ಕಚ್ಚಾ ತಾಳೆ ಎಣ್ಣೆಗಳ ವಾಯಿದಾ ವಹಿವಾಟನ್ನು (ಮುಂದೆ ಕೊಡುವ ಸರಕಿಗೆ ಇಂದೇ ದರ ಕುದುರಿಸುವುದನ್ನು) ಒಂದು ವರ್ಷಕ್ಕೆಂದು ನಿಲ್ಲಿಸಿತು. ಆ ವರ್ಷ ಕಂತುಕಂತಾಗಿ ಹಿಗ್ಗಿ 2026ರ ಮಾರ್ಚ್ ಮುಟ್ಟಿತು. ಇತ್ತ ಷೇರುಪೇಟೆಯ ವಾಯಿದಾ, ಆಪ್ಷನ್ ಆಟ ಏರುತ್ತಲೇ ಇತ್ತು. ಅದರಲ್ಲಿ ಕೈಹಾಕಿದ ಸಾಮಾನ್ಯರಲ್ಲಿ ನೂರಕ್ಕೆ 89 ಮಂದಿ ಕಳೆದುಕೊಂಡರೆಂದು 2023ರ ಜನವರಿಯಲ್ಲಿ ಹೇಳಿದ್ದು ಸೆಬಿಯದೇ ಅಧ್ಯಯನ. ಮರುವರ್ಷದ ಅಧ್ಯಯನದಲ್ಲಿ ಅದು 93 ಆಯಿತು, ಮೂರು ವರ್ಷದ ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತು. ಬಿಗಿ ಕ್ರಮ ಪ್ರಕಟವಾದದ್ದು 2024ರ ಅಕ್ಟೋಬರ್‌ನಲ್ಲಿ. ಅದೂ ಒಪ್ಪಂದದ ಗಾತ್ರ ಹೆಚ್ಚಿಸಿ, ವಾರದ ಆಪ್ಷನ್‌ಗಳನ್ನು ಕಡಿಮೆ ಮಾಡಿದ ಲಗಾಮು ಮಾತ್ರ. ಹಾನಿಗೆ ಪುರಾವೆ ಇದ್ದಲ್ಲಿ ಇಷ್ಟು ತಾಳ್ಮೆ ತೋರಿದವರು, ಪುರಾವೆ ಇಲ್ಲದ ಭತ್ತಕ್ಕೆ ನೇರ ಬೀಗವನ್ನೇ ಜಡಿದರು.

ಪುರಾವೆ ಇಲ್ಲವೆಂಬುದು ಸುಮ್ಮನೆ ಆಡಿದ ಮಾತಲ್ಲ. 2007ರಲ್ಲಿ ತೊಗರಿ, ಉದ್ದು, ಗೋಧಿ, ಅಕ್ಕಿಗಳ ವಾಯಿದಾ ನಿಲ್ಲಿಸಿದಾಗ ಪರಿಶೀಲನೆಗೆ ನೇಮಿಸಿದ ಅಭಿಜಿತ್ ಸೇನ್ ಸಮಿತಿಗೆ, ಬೆಲೆಯೇರಿಕೆಗೆ ವಾಯಿದಾ ಕಾರಣವೆಂದು ಖಚಿತವಾಗಿ ಹೇಳಲು ಆಧಾರ ಸಿಗಲಿಲ್ಲ. ಅಮೆರಿಕ 1958ರಲ್ಲಿ ಈರುಳ್ಳಿ ವಾಯಿದಾವನ್ನು ಕಾಯ್ದೆ ತಂದೇ ನಿಷೇಧಿಸಿತು. ವಾಯಿದಾ ಇದ್ದಾಗ ಈರುಳ್ಳಿ ಬೆಲೆಯ ಏರುಪೇರು ಕಡಿಮೆಯಿತ್ತೆಂದು ಸ್ಟ್ಯಾನ್‌ಫರ್ಡ್‌ನ ರೋಜರ್ ಗ್ರೇ 1963ರಲ್ಲಿ ತೋರಿಸಿದರು. ಆ ಕಾಯ್ದೆ ಇಂದಿಗೂ ಇದೆ. (ಸಂಶೋಧನೆಯನ್ನು ಕಪಾಟಿಗೆ ಸೇರಿಸುವ ಕಲೆ ನಮ್ಮ ಸರ್ಕಾರಗಳದ್ದಷ್ಟೇ ಅಲ್ಲ.) ನಮ್ಮಲ್ಲಂತೂ ನಿಲುಗಡೆಯ ನಂತರವೂ ಧಾನ್ಯದ ಬೆಲೆ ಏರಿತು. ಉಕ್ರೇನ್ ಯುದ್ಧ, ಬಿಸಿಲು, ಮಳೆ ಅದಕ್ಕೆ ಕಾರಣ. 2022ರ ಮೇ ತಿಂಗಳಲ್ಲಿ ಗೋಧಿ, 2023ರ ಜುಲೈನಲ್ಲಿ ಬಾಸ್ಮತಿಯೇತರ ಬಿಳಿ ಅಕ್ಕಿ ರಫ್ತು ನಿಂತವು. ಅದೇ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ ಸಿಗದೆ ಕರ್ನಾಟಕ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ಹಣ ಕೊಡಬೇಕಾಯಿತು. ಭತ್ತದ ವಾಯಿದಾಕ್ಕೆ ಬೀಗ ಬಿದ್ದು ಆಗಲೇ ಒಂದೂವರೆ ವರ್ಷವಾಗಿತ್ತು.

ಸೊರಬ, ಶಿಕಾರಿಪುರದ ರೈತರು ಮುಂಬೈಯ ವಾಯಿದಾ ಪೇಟೆಗೆ ಇಳಿಯುತ್ತಾರೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇಳಿಯುವುದಿಲ್ಲ, ಭತ್ತದ ವಾಯಿದಾ ನಡೆಯುತ್ತಿದ್ದಾಗಲೂ ವಹಿವಾಟು ಅಷ್ಟಕ್ಕಷ್ಟೇ. ಆದರೆ ಮೂರು ತಿಂಗಳಾಚೆಯ ದರ ಬಹಿರಂಗವಾಗಿದ್ದರೆ ಅದನ್ನು ನೋಡಲು ಪೇಟೆಗೆ ಇಳಿಯಬೇಕಿಲ್ಲ. ಕೊಯ್ಲಿನ ಹೊತ್ತಿಗೆ ಮಿಲ್‌ನವರ ಮಾತೊಂದೇ ದರವಾಗಿರುವ, ಸೊರಬದ ಹೊಸಬಾಳೆಯಂಥ ಊರಿನಲ್ಲಿ, ಈಗ ಮಾರುವುದೋ ಕಣಜಕ್ಕೆ ತುಂಬುವುದೋ ಎಂದು ತೂಗಿ ನೋಡಲು ಇನ್ನೊಂದು ಅಂಕಿಯಾದರೂ ಸಿಗುತ್ತದೆ. ಮುಂದಿನ ದರದ ಸುಳಿವು ಏಕೆ ಬೇಕೆಂಬುದಕ್ಕೆ ಉದಾಹರಣೆ ಮೆಕ್ಕೆಜೋಳ: 2025ರ ನವೆಂಬರ್‌ನಲ್ಲಿ ಅದರ ಪೇಟೆ ದರ ಕ್ವಿಂಟಲ್‌ಗೆ 2,400 ರೂಪಾಯಿಯ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಕುಸಿದು, ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆಯಬೇಕಾಯಿತು. ಮೆಕ್ಕೆಜೋಳ ನಿಷೇಧದ ಪಟ್ಟಿಯಲ್ಲಿಲ್ಲ, ನಿಜ. ಆದರೆ ಸರ್ಕಾರಕ್ಕೆ ಮನಸ್ಸಾದ ದಿನ ಮುಚ್ಚುವ ಪೇಟೆಗೆ ಉಗ್ರಾಣ ಕಟ್ಟುವವರು, ರೈತರ ಉತ್ಪಾದಕ ಕಂಪನಿಗಳನ್ನು ಕರೆತರುವವರು ಯಾರು?

ಇನ್ನು ವಾಯಿದಾದಲ್ಲಿ ಮೋಸ ನಡೆಯುತ್ತದೆಂಬ ಮಾತು. ಅದೂ ಸುಳ್ಳಲ್ಲ. 2012ರಲ್ಲಿ ಗೋರಿಕಾಯಿ ಬೀಜದ ದರ ಹುಚ್ಚೆದ್ದಾಗ ನಿಯಂತ್ರಕರು ವಾಯಿದಾ ನಿಲ್ಲಿಸಿದ್ದರು. ಮರುವರ್ಷ ಮತ್ತೆ ತೆರೆದರು. ಷೇರುಪೇಟೆಯಲ್ಲಿ 2025ರ ಜುಲೈನಲ್ಲಿ ಅಮೆರಿಕದ ವಹಿವಾಟು ಸಂಸ್ಥೆ ಜೇನ್ ಸ್ಟ್ರೀಟ್ ವಿರುದ್ಧ ಸೂಚ್ಯಂಕ ತಿರುಚಿದ ಆರೋಪ ಹೊರಿಸಿದ ಸೆಬಿ, 4,843 ಕೋಟಿ ರೂಪಾಯಿ ತಡೆಹಿಡಿಯಲು ಆದೇಶಿಸಿತು. ಆಪ್ಷನ್ ಪೇಟೆಯನ್ನೇ ಮುಚ್ಚಲಿಲ್ಲ. ಆ ವಿವೇಕ ಭತ್ತಕ್ಕೂ ಸಲ್ಲಬೇಕು. ಹೊರಗಿನವರ ಅಧ್ಯಯನದ ಮೇಲೆ ಅನುಮಾನವಿದ್ದರೆ, ಆಪ್ಷನ್ ನಷ್ಟವನ್ನು ಲೆಕ್ಕಹಾಕಿದಂತೆ ಕೃಷಿ ವಾಯಿದಾದ ಲೆಕ್ಕವನ್ನೂ ಸೆಬಿಯೇ ಹಾಕಿ ಪ್ರಕಟಿಸಲಿ. ಅಂಥ ಲೆಕ್ಕ ಜೊತೆಗಿಲ್ಲದ ನಿಷೇಧ ಅವಧಿ ಮುಗಿದ ದಿನವೇ ತಾನಾಗಿ ರದ್ದಾಗಲಿ.