ನಾಲ್ಕ ಮಂದಿ ಹಿಡಕೊಂಡು ಹಲ್ಲ ಕೀಳಸೂದು ಬ್ಯಾಡ್ರಿ

ಮೊನ್ನೆ ಅರಿಷಿಣ ಕುಂಕುಮಕ್ಕ ಹೋದಾಗ ಹಿಂದಿನ ಓಣಿ ಅಕ್ಕಾರು ಕೇಳಿದ್ರು, "ನಿಮ್ಮ ಮೈದುನಗ ಹಲ್ಲ ಕೀಳಸಲಿಕ್ಕೆ ಪೂರ್ತಿ ಭೂಲ ಕೊಡಿಸಿದ್ರಂತ? ಈ ವಯಸ್ಸಿನ್ಯಾಗ? ಎರಡ ನಿಮಿಷ ಗಟ್ಟಿ ಹಿಡಕೊಂಡಿದ್ರ ಮುಗೀತಿತ್ತಲ್ಲಾ." ಅಲ್ಲೆ ನಾ ನಕ್ಕು ಸುಮ್ಮನಾದೆ. ಮನಿಗೆ ಬಂದ ಮ್ಯಾಲೆ ತಡೀಲಿಲ್ಲ, ಅದಕ್ಕ ಬರೀಲಿಕ್ಕತ್ತೀನಿ.

ಬಾಬೂನ್ನ ನೀವೆಲ್ಲಾ ನೋಡೀರಿ. ಅವಂಗ ಈಗ 56. ಸಣ್ಣ ಹುಡುಗರ ಬುದ್ಧಿ ಅಂತ ಮಂದಿ ಅಂತಾರ, ನಂಗ ಹಂಗ ಅನಸೂದಿಲ್ಲ, ನಮ್ಮನಿ ಹಾಲಿನ ಲೆಕ್ಕ ಅವನ ಬಾಯಾಗ ಅದ. ಆದ್ರ ನೋವು ಹೇಳಲಿಕ್ಕೆ ಬರೂದಿಲ್ಲ. ರೊಟ್ಟಿ ಬಿಟ್ಟು ಬರೇ ಮೊಸರನ್ನ ಕೇಳ್ತಾನ, ಗಲ್ಲಕ್ಕ ತಾನ ಹೊಡಕೋತಾನ. ನಾವು ಹಟಾ ಅಂತ ಬೈತೀವಿ. ಆರು ವರ್ಷದ ಹಿಂದ ಹಂಗ ಬೈದು ಬೈದು, ಗಲ್ಲ ಬಾತ ಮ್ಯಾಲೆ ನಮಗ ತಿಳೀತು.

ಆವಾಗ ಒಂದ ದವಾಖಾನಿಗೆ ಕರಕೊಂಡ ಹೋದ್ವಿ. ನಾಲ್ಕ ಮಂದಿ ಹಿಡಕೊಂಡ್ರು. ಅದರಾಗ ಒಬ್ಬಾಕಿ ನಾನ, ಎಡಗೈ ನನ್ನ ಪಾಲಿಗೆ. ಕೀವು ಆದಲ್ಲೆ ಮರಗಟ್ಟೋ ಇಂಜೆಕ್ಷನ್ ಸರಿಯಾಗಿ ಹತ್ತೂದಿಲ್ಲ ಅಂತ ಆಮ್ಯಾಲೆ ಗೊತ್ತಾತು. ಅಂವಾ "ವೈನಿ, ವೈನಿ" ಅಂತ ಒದರತಿದ್ದ, ನಾ ಕೈ ಬಿಡಲಿಲ್ಲ. ಹಲ್ಲೇನೋ ಬಂತು. ಅಲ್ಲಿಂದ ಎರಡ ವರ್ಷ ಬ್ರಶ್ ಕಂಡ್ರ ತುಟಿ ಬಿಗಿ ಹಿಡೀತಿದ್ದ. ಒಂದ ಹಲ್ಲ ಕೀಳಿಸಿ ಏಳು ಹಲ್ಲ ಹಾಳ ಮಾಡಿದ್ವಿ.

ಈ ಸಲ ಬ್ಯಾರೆ ಡಾಕ್ಟರು. ಮೊದಲನೇ ದಿನ ಬಾಯೇ ತಗಸಲಿಲ್ಲ, ಕುರ್ಚಿ ಮ್ಯಾಲೆ ಕೆಳಗ ಮಾಡಿ ಆಟ ಆಡಿಸಿ ಕಳಿಸಿದ್ರು. ಎರಡನೇ ಸಲ ಕನ್ನಡಿ ಅವನ ಕೈಯಾಗ ಕೊಟ್ರು. ಮೂರನೇ ಸಲ ತಾನ ಬಾಯಿ ತಗದ. ಮೂರು ಹಲ್ಲಿಗೆ ಕೊರೀದನ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನೋ ಮದ್ದು ಹಚ್ಚಿದ್ರು. ಹುಳುಕು ಮುಂದ ಹೋಗದಂಗ ತಡೀತದ, ಆದ್ರ ಆ ಜಾಗಾ ಕರ್ರಗ ಆಗ್ತದ. ಆಗಲೇಳ್ರಿ, ದವಡಿ ಹಲ್ಲ ಯಾರ ನೋಡ್ತಾರ.

ಉಳದ ನಾಲ್ಕು ಕೀಳಲೇಬೇಕಿತ್ತು. ನೈಟ್ರಸ್ ಆಕ್ಸೈಡ್ ಗಾಳಿ ಕೊಟ್ಟು ನೋಡಿದ್ರು. ಮನಸ್ಸು ಹಗುರಾಗ್ತದ, ಎಚ್ಚರಾನೂ ಇರ್ತದ, ಆದ್ರ ಮೂಗಿನ ಮ್ಯಾಲೆ ಮಾಸ್ಕ್ ಇಟಗೊಂಡು ಮೂಗಿನಿಂದನ ಉಸರಾಡಬೇಕು. ಬಾಬು ಕಿತ್ತ ಒಗದ. ಮಿಡಾಜೊಲಾಮ್ ಅಂತ ಮಂಪರಿನ ಔಷಧನೂ ಅದ. ವಯಸ್ಸಾದವರಿಗೆ ಅದರಿಂದ ಉಸರು ಕಮ್ಮಿ ಆಗಬಹುದು, ಅದಕ್ಕ ದವಾಖಾನ್ಯಾಗ, ಡಾಕ್ಟರ ಕಣ್ಣ ಮುಂದನ ಕೊಡಬೇಕು. ಬಾಬೂನ ನಾಲ್ಕ ಹಲ್ಲು ನಾಲ್ಕ ಕಡೆ ಇದ್ವು. ಒಂದ ಸಲಕ್ಕ ಎಲ್ಲಾ ಮುಗೀಲಿ, ಕಿಟ್ಟಾನೂ ಕೆರದ ತಗೀಲಿ ಅಂತ ಪೂರ್ತಿ ಭೂಲಕ್ಕ ಒಪ್ಪಿದ್ವಿ.

ಅಪಾಯ ಇಲ್ಲಂತಲ್ಲ. ಇಸಿಜಿ, ರಕ್ತ ಪರೀಕ್ಷಾ ಎಲ್ಲಾ ಆತು. 6 ತಾಸು ಊಟಿಲ್ಲ, 2 ತಾಸು ನೀರಿಲ್ಲ. ಫಿಟ್ಸಿನ ಗುಳಗಿ ಮಾತ್ರ ಡಾಕ್ಟರ್ ಹೇಳಿದಂಗ ಒಂದ ಗುಟುಕ ನೀರಾಗ ಕೊಟ್ಟೆ. ನಿಮ್ಮನ್ಯಾಗ ರಕ್ತ ತೆಳ್ಳಗ ಮಾಡೋ ಗುಳಗಿ, ಎಲುಬು ಸವದದ್ದಕ್ಕ ಇಂಜೆಕ್ಷನ್ ತಗೊಳ್ಳೋರಿದ್ರ ಮೊದಲ ಡಾಕ್ಟರಿಗೆ ಹೇಳ್ರಿ, ನೀವ ನಿಲ್ಲಸಬ್ಯಾಡ್ರಿ. ಡೌನ್ ಸಿಂಡ್ರೋಮ್ ಇದ್ದವರಾದ್ರ ಹೃದಯ, ಕುತ್ತಿಗಿ ಎಲುಬು ನೋಡಸೂದು ಮರೀಬ್ಯಾಡ್ರಿ.

ಇನ್ನ ಸಹಿ. 18 ದಾಟಿದವರಿಗೆ ಅವ್ವ ಅಪ್ಪ ಸುದ್ದಾ ತಾವಾಗೇ ಕಾನೂನಿನ ಪಾಲಕರಾಗೂದಿಲ್ಲ. 1999ರ ನ್ಯಾಶನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಡಿ.ಸಿ. ಇರೋ ಸಮಿತಿ ಪಾಲಕರನ್ನ ನೇಮಿಸ್ತದ. ಅತ್ತಿಯವರು ಹೋದ ಮ್ಯಾಲೆ ನಮ್ಮನಿಯವರು ಆ ಕಾಗದ ಮಾಡಿಸಿಟ್ಟಿದ್ರು, ಈಗ ಉಪಯೋಗಕ್ಕ ಬಂತು. ಕಾಗದ ಅದ ಅಂತ ಬಾಬೂನ್ನ ಕೇಳದ ಮಾಡಲಿಲ್ಲ ಮತ್ತ. "ಮಲಗೂದು, ಏಳೂದು, ಐಸ್ಕ್ರೀಮ್" ಅಂತ ವಾರಗಟ್ಲೆ ಹೇಳಿದೆ, ಅಂವಾ ಹೂಂ ಅಂದ.

ಅಕ್ಕಾರ, ಹಿಡಕೊಂಡ ಕೀಳೂದು ಸಣ್ಣ ಕೆಲಸ, ಭೂಲ ದೊಡ್ಡ ಕೆಲಸ ಅಂತ ನಮಗ ಅನಸ್ತದ. ಅವನ ಕಡಿಂದ ನೋಡ್ರಿ, ಪೂರಾ ಉಲ್ಟಾ ಅದ.

ಎದ್ದ ಮ್ಯಾಲೆ ತುಟಿ ಇನ್ನೂ ಮರಗಟ್ಟಿತ್ತು. ಹಿಂತಾದ್ರಾಗ ತಮ್ಮ ತುಟಿ ತಾವ ಕಚ್ಚಿಕೋತಾರ, ಯಾರರೆ ಬಾಜೂಕ ಕೂಡಬೇಕು. ಮೂರ ತಾಸು ನಾನ ಕೂತೆ, ಅದ ಎಡಗೈ ಹಿಡಕೊಂಡು. ಹದಿನೈದ ದಿನಕ್ಕ ಬ್ರಶ್ ತಾನ ತಂದ ಕೊಟ್ಟ. ಬಲಗಡೆ ಕೆಳಗಿನ ದವಡಿ ಒಂದ ಮುಟ್ಟಗೊಡೂದಿಲ್ಲ ಇವತ್ತಿಗೂ. ಅದು ಆವಾಗ ಹಿಡಕೊಂಡ ಕಿತ್ತ ಹಲ್ಲಿನ ಜಾಗಾ.