ಗುಂಡು ತಡೆಯುವ ಪ್ಲಾಸ್ಟಿಕ್: ವಿಡಿಯೊ ಸಾಕೇ, ಪರೀಕ್ಷೆ ಬೇಕೇ?

ರಿಚರ್ಡ್ಸ್ ಟೌನ್‌ನ ನಮ್ಮ ಬೀದಿಗೆ ದಿನಾ ಬೆಳಿಗ್ಗೆ ನೀರಿನ ಕ್ಯಾನ್ ತುಂಬಿದ ಆಟೊ ಬರುತ್ತದೆ. ಕೈತಪ್ಪಿ ಬಿದ್ದರೂ ಕ್ಯಾನ್ ಒಡೆಯುವುದು ಅಪರೂಪ. ಪ್ಲಾಸ್ಟಿಕ್ ಎಷ್ಟು ಗಟ್ಟಿ ಎಂಬ ಬೆರಗು ಹುಟ್ಟುವುದು ಇಂಥ ಕಡೆಯಿಂದಲೇ. ಈಚೆಗೆ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ವಿಡಿಯೊ ಬಂತು. ವಿದೇಶದಲ್ಲಿ ಯಾರೋ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಗಳನ್ನು ಒಂದರ ಹಿಂದೊಂದು ನಿಲ್ಲಿಸಿ ಗುಂಡು ಹಾರಿಸುತ್ತಾರೆ. ಕೊನೆಗೆ ಒಂದು ಮಣೆಯಲ್ಲಿ ಗುಂಡು ಸಿಕ್ಕಿಕೊಳ್ಳುತ್ತದೆ. ‘ಇಷ್ಟೇನಾ ಬುಲೆಟ್‌ಪ್ರೂಫ್? ಸೇನೆ ಇದಕ್ಕೆ ಕೋಟಿಗಟ್ಟಲೆ ಏಕೆ ಸುರಿಯಬೇಕು?’ ಎಂದು ಒಬ್ಬ ಕೇಳಿದ.

ಅವನ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಕ್ಯಾರಿಬ್ಯಾಗ್, ಸಾಮಾನ್ಯವಾಗಿ ಸಿಗುವ ಪ್ಲಾಸ್ಟಿಕ್ ಮಣೆ ಮತ್ತು ಯೋಧರ ಹಲವು ಜಾಕೆಟ್‌ಗಳ ಒಳಪದರ ಮೂರೂ ಪಾಲಿಎಥಿಲೀನ್. ವ್ಯತ್ಯಾಸ ಇರುವುದು ಅಣು ಸರಪಳಿಗಳ ಉದ್ದ ಮತ್ತು ಜೋಡಣೆಯಲ್ಲಿ. ಬಿಡಿ ತೆಂಗಿನ ನಾರನ್ನು ಕೈಯಲ್ಲೇ ಕೀಳಬಹುದು. ಹೊಸೆದು ಹಗ್ಗ ಮಾಡಿದರೆ ಅದು ಬಾವಿಯಿಂದ ತುಂಬಿದ ಕೊಡ ಎಳೆಯುತ್ತದೆ. ಜಾಕೆಟ್‌ನ ಎಳೆಗಳಲ್ಲಿ ಬಹು ಉದ್ದದ ಸರಪಳಿಗಳು ಒಂದೇ ದಿಕ್ಕಿಗೆ ಬಿಗಿಯಾಗಿ ನಿಂತಿರುತ್ತವೆ. ಆದರೂ ಉಕ್ಕಿನ ತಿರುಳಿರುವ ರೈಫಲ್ ಗುಂಡಿಗೆ ಅದೊಂದೇ ಸಾಲದು. ಮುಂದೆ ಬೋರಾನ್ ಕಾರ್ಬೈಡ್‌ನಂಥ ಸೆರಾಮಿಕ್ ಫಲಕ ಗುಂಡಿನ ಮೊನೆ ಮುರಿಯಬೇಕು, ಹಿಂದಿನ ಪಾಲಿಮರ್ ಚೂರುಗಳನ್ನು ಹಿಡಿಯಬೇಕು. 2024ರಲ್ಲಿ ಡಿಆರ್‌ಡಿಒ ಮತ್ತು ದೆಹಲಿ ಐಐಟಿ ಸೇರಿ ರೂಪಿಸಿದ ‘ಅಭೇದ್’ ಜಾಕೆಟ್‌ನಲ್ಲಿರುವುದೂ ಪಾಲಿಮರ್ ಮತ್ತು ಬೋರಾನ್ ಕಾರ್ಬೈಡ್. ಅದರ ಕನಿಷ್ಠ ತೂಕ 8.2 ಕಿಲೊ.

ಇನ್ನು ಪರೀಕ್ಷೆಯ ಮಾತು. ನಮ್ಮಲ್ಲಿ ಬಿಐಎಸ್ 2018ರಲ್ಲಿ ಐಎಸ್ 17051 ಎಂಬ ಮಾನದಂಡ ತಂದಿತು. ಪ್ರಯೋಗಾಲಯದಲ್ಲಿ ಗುಂಡು ನಿಂತಿತೇ ಎಂದು ನೋಡಿದರಷ್ಟೇ ಮುಗಿಯಲಿಲ್ಲ. ಜಾಕೆಟ್‌ನ ಹಿಂದೆ ಜೇಡಿಯಂಥ ಮುದ್ದೆ ಇಟ್ಟು, ಅದರಲ್ಲಿ ಬಿದ್ದ ಕುಳಿಯ ಆಳ ಅಳೆಯುತ್ತಾರೆ. ಅಮೆರಿಕದ ಮಾನದಂಡದಲ್ಲಿ ಅದರ ಮಿತಿ 44 ಮಿಲಿಮೀಟರ್. ಗುಂಡು ಒಳಹೋಗದಿದ್ದರೂ ಆ ಪೆಟ್ಟಿಗೆ ಪಕ್ಕೆಲುಬು ಮುರಿಯಬಹುದು.

ಕಾಲವೂ ಒಂದು ಪರೀಕ್ಷೆ. ಝೈಲಾನ್ ಎಂಬ ನಾರು ಹೊಸತರಲ್ಲಿ ಬಹಳ ಬಲವಾಗಿತ್ತು. 2003ರಲ್ಲಿ ಪೆನ್ಸಿಲ್ವೇನಿಯಾದ ಪೊಲೀಸ್ ಅಧಿಕಾರಿಯೊಬ್ಬರು ಧರಿಸಿದ್ದ ಝೈಲಾನ್ ಕವಚವನ್ನು ಗುಂಡು ಸೀಳಿತು. ಅವರು ತೀವ್ರವಾಗಿ ಗಾಯಗೊಂಡರು. ತೇವಾಂಶಕ್ಕೆ ನಾರಿನ ಬಲ ಕುಗ್ಗುತ್ತದೆಂದು ತನಿಖೆಯಲ್ಲಿ ತಿಳಿಯಿತು. 2005ರಲ್ಲಿ ಅಂಥ ಕವಚಗಳ ಮಾನ್ಯತೆ ರದ್ದಾಯಿತು. ಕರಾವಳಿಯ ಮಳೆ, ಕಲಬುರಗಿಯ ಬಿಸಿಲು ಎರಡೂ ಇರುವ ನಾಡಿನವರು ಮರೆಯಬಾರದ ಪಾಠವಿದು.

ಗೆಳೆಯನಿಗೆ ನಾನು ಹೇಳಿದ್ದು ಇಷ್ಟೇ: ಮಣೆ ಒಂದು ಗುಂಡನ್ನು ಒಂದು ಸಲ ತಡೆದಿರಬಹುದು. ಅದೇ ಜಾಗದ ಹತ್ತಿರ ಬೀಳುವ ಮುಂದಿನ ಗುಂಡನ್ನು, ನಾಲ್ಕು ಮಳೆಗಾಲ ಕಂಡ ಮೇಲೂ, ತಡೆಯುತ್ತದೆ ಎಂಬ ಖಾತ್ರಿಗೆ ದೇಶ ದುಡ್ಡು ಕೊಡುತ್ತಿದೆ. ಕ್ಯಾಂಪಸ್ ಸಂದರ್ಶನಕ್ಕೆ ಓಡುವ ನಾವೆಲ್ಲ ಡಿಸೈನ್, ಕೋಡಿಂಗ್ ಎನ್ನುತ್ತೇವೆ. ‘ಟೆಸ್ಟಿಂಗ್’ ಎಂದರೆ ಮೂಗು ಮುರಿಯುತ್ತೇವೆ. ಆದರೆ ಗಡಿಯಲ್ಲಿ ನಿಂತ ಯೋಧ ನಂಬಿರುವುದು ತನಗೆ ಗೊತ್ತೇ ಇಲ್ಲದ ಒಬ್ಬ ಟೆಸ್ಟಿಂಗ್ ಎಂಜಿನಿಯರ್‌ನ ಸಹಿಯನ್ನು.