ಮಕ್ಕಳಿರುವ ಹಡಗನ್ನು ಒಮ್ಮೆ ನೋಡಿಬನ್ನಿ

ನನ್ನಲ್ಲಿ ಓದಿದವರಲ್ಲಿ ಅನೇಕರು ಈಗ ಬೆಳೆದ ಮಕ್ಕಳ ತಂದೆತಾಯಿಗಳು. ಅವರಲ್ಲಿ ಕೆಲವರ ಮಕ್ಕಳು ನೌಕಾಪಡೆಯಲ್ಲಿದ್ದಾರೆ. ಸಂಜೆ ಹೊತ್ತು ನಮ್ಮ ಮನೆಯ ಜಗಲಿಗೆ ಬಂದು ಕುಳಿತು, ಮಗನ ಕ್ಷೇಮಸಮಾಚಾರ ಹೇಳಿ, ಮನಸ್ಸಿನ ಭಾರ ಇಳಿಸಿಕೊಂಡು ಹೋಗುತ್ತಾರೆ. ಅವರ ಮಾತುಗಳನ್ನು ಕೇಳುತ್ತ ಬಂದ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಪ್ಪುವುದೂ ಬಿಡುವುದೂ ಓದುಗರಿಗೆ ಸೇರಿದ್ದು.

ಹುತ್ತೂರಿನಿಂದ ಸಮುದ್ರವೆಂಬುದು ಯಾವ ದಿಕ್ಕಿಗೆ ಹೊರಟರೂ ದೂರವೇ. ನಮ್ಮದು ತುಂಬಿ ಹರಿಯುವ ನದಿಯಿಲ್ಲದ ಜಿಲ್ಲೆ. ಸಾವಿರ ಅಡಿ ದಾಟಿದರೂ ಕೊಳವೆಬಾವಿಯಲ್ಲಿ ದೂಳು ಮಾತ್ರ ಬಂದ ಕಾಲವನ್ನು ಕಂಡವರು ನಾವು. 2018ರಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಹರಿದು ಬಂದಾಗ, ಅದು ಎಂತಹ ನೀರೆಂಬ ಚರ್ಚೆಯ ನಡುವೆಯೂ, ತುಂಬಿದ ಕೆರೆ ನೋಡಲೆಂದೇ ಜನ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು. ನಾವು ವರುಣನನ್ನು ನೆನೆಯುವುದು ಮಳೆ ಬರಲೆಂದು. ನೌಕಾಪಡೆಯ ಧ್ಯೇಯವಾಕ್ಯವೂ ವರುಣನನ್ನೇ ಕುರಿತದ್ದು. ಆದರೆ ಅಲ್ಲಿ ಬೇಡುವುದು ಅವನು ನಮಗೆ ಮಂಗಳವನ್ನುಂಟುಮಾಡಲಿ ಎಂದು. ಇಂತಹ ಒಣನೆಲದ ಹುಡುಗ ವರ್ಷದ ಬಹುಭಾಗ ನೀರಿನ ಮೇಲೆ ಬದುಕುತ್ತಾನೆಂದರೆ, ಆ ಬದುಕನ್ನು ಕಲ್ಪಿಸಿಕೊಳ್ಳಲು ತಂದೆತಾಯಿಗಳಿಗೆ ಆಧಾರವಾದರೂ ಯಾವುದು?

ಆಧಾರವಿಲ್ಲದ ಕಡೆ ಊಹೆ ಬೆಳೆಯುತ್ತದೆ. ಕುರುಡುಮಲೆ ಗಣಪನಿಗೆ ಕಾಯಿ ಒಡೆಸಿ, ಬಂಗಾರಪೇಟೆ ಜಂಕ್ಷನ್ನಿನಲ್ಲಿ ರೈಲು ಹತ್ತಿಸಿ ಬಂದ ಮೇಲೆ, ಮಗ ಎಲ್ಲಿ ಮಲಗುತ್ತಾನೆ, ಏನು ಕೆಲಸ ಮಾಡುತ್ತಾನೆ ಎಂಬುದು ಮನೆಯವರಿಗೆ ಗೊತ್ತಿರುವುದಿಲ್ಲ. ಬಿಳಿಯ ಸಮವಸ್ತ್ರದ ಫೋಟೋ ಗೋಡೆಯ ಮೇಲಿರುತ್ತದೆ. ಸರ್ಕಾರಿ ನೌಕರಿ ಎಂಬ ಮಾತು ಹೆಣ್ಣು ಕೇಳಲು ಹೋದಾಗ ಉಪಯೋಗಕ್ಕೆ ಬರುತ್ತದೆ. ವಿಳಾಸ ಕೇಳಿದರೆ ಅದರಲ್ಲಿ ಊರೇ ಇಲ್ಲ. ಹಡಗಿನ ಹೆಸರು, ಕೆಳಗೆ ಫ್ಲೀಟ್ ಮೇಲ್ ಆಫೀಸ್, ಮುಂಬೈ ಅಥವಾ ವಿಶಾಖಪಟ್ಟಣ. ಹಡಗು ಯಾವ ಬಂದರಿನಲ್ಲಿದ್ದರೂ ಟಪಾಲು ಆ ಕಚೇರಿಯ ಮೂಲಕವೇ ಹೋಗಬೇಕು. ಹಿರಿಯರೊಬ್ಬರು ಆ ವಿಳಾಸವನ್ನು ಓದಿ, “ಮನೆಯಿಲ್ಲದ ಮಗನಾದನಲ್ಲ ಮೇಷ್ಟ್ರೇ” ಎಂದಿದ್ದರು.

ನನ್ನ ಅಭಿಪ್ರಾಯ ಇಷ್ಟೇ: ಮಗುವಿಗೆ ರಜೆ ಸಿಕ್ಕಿ ಮನೆಗೆ ಬರಲೆಂದು ಕಾಯುತ್ತ ಕೂರದೆ, ತಂದೆತಾಯಿಗಳು ತಾವಾಗಿ ಹೊರಟು ಮಗು ಇರುವ ಬಂದರಿಗೆ ಒಮ್ಮೆಯಾದರೂ ಹೋಗಿಬರಬೇಕು. ಇದು ಪ್ರವಾಸದ ಮಾತಲ್ಲ. ನೋಡದೆ ಕೊಡುವ ಬೆಂಬಲ ಅನೇಕ ವೇಳೆ ಮಗುವಿಗೆ ಹೊರೆಯಾಗುತ್ತದೆ.

ಮೊದಲೆಲ್ಲ ಈ ಮಾತಿಗೆ ಅವಸರವಿರಲಿಲ್ಲ. ನಾವಿಕನಾಗಿ ಸೇರಿದವನು ಹದಿನೈದು ವರ್ಷವೋ ಇನ್ನೂ ಹೆಚ್ಚೋ ಸೇವೆಯಲ್ಲಿರುತ್ತಿದ್ದ. ಈ ವರ್ಷ ಬೆಳೆ ಕೈಗೆ ಬರಲಿಲ್ಲವೆಂದರೆ ಮುಂದಿನ ವರ್ಷ ಹೋಗಬಹುದಿತ್ತು. 2022ರ ಜೂನ್ ತಿಂಗಳಲ್ಲಿ ಅಗ್ನಿಪಥ ಯೋಜನೆ ಪ್ರಕಟವಾದ ಮೇಲೆ ಹೊಸದಾಗಿ ಸೇರುವ ನಾವಿಕರ ಅವಧಿ ನಾಲ್ಕು ವರ್ಷ. ಅದರಲ್ಲಿ ಮೊದಲ ಕೆಲವು ತಿಂಗಳು ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ತರಬೇತಿ. ಮುಂದೆ ವೃತ್ತಿ ತರಬೇತಿ. ಉಳಿದದ್ದು ಹಡಗಿನ ಕಾಲ. ವಾರ್ಷಿಕ ರಜೆ ಮೂವತ್ತು ದಿನ. ಅವಧಿ ಮುಗಿದ ಮೇಲೆ ಶೇಕಡ 25ರವರೆಗೆ ಮಾತ್ರ ಕಾಯಂ ಸೇವೆಗೆ ತೆಗೆದುಕೊಳ್ಳುವುದೆಂದು ಯೋಜನೆ ಪ್ರಕಟವಾದಾಗಲೇ ಹೇಳಿದ್ದರು. ಮೊದಲ ತಂಡದವರು 2022ರ ಕೊನೆಯಲ್ಲಿ ಸೇರಿದವರು. ಅವರ ನಾಲ್ಕು ವರ್ಷ 2026ರ ಕೊನೆಯೊಂದಿಗೆ ಮುಗಿಯುವ ಲೆಕ್ಕ. ಈ ಯೋಜನೆ ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಆದರೆ ಮುಂದಿನ ವರ್ಷ ನೋಡೋಣ ಎಂದು ಮುಂದೂಡುವ ನಮ್ಮ ಹಳೆಯ ಅಭ್ಯಾಸಕ್ಕೆ ಈಗ ಜಾಗವಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಟೊಮೆಟೊ ಬೆಳೆಗಾರ, ತನ್ನ ಹೆಂಡತಿಯೊಂದಿಗೆ ಕಾರವಾರಕ್ಕೆ ಹೊರಟಾಗ ನನ್ನನ್ನೂ ಕರೆದ. ಅಲ್ಲಿನ ನೌಕಾನೆಲೆಗೆ ಬನವಾಸಿಯನ್ನಾಳಿದ ಕದಂಬರ ಹೆಸರು. 1986ರಲ್ಲಿ ಶಂಕುಸ್ಥಾಪನೆಯಾಗಿ, 2005ರ ಮೇ 31ರಂದು ನೆಲೆ ಸೇವೆಗೆ ಬಂತು. ಅದಕ್ಕಾಗಿ ಆ ತೀರದ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನುಗಾರಿಕೆಯ ದಡ ಬಿಟ್ಟುಕೊಟ್ಟವು. ನಮ್ಮ ಮಕ್ಕಳ ಹಡಗು ನಿಂತಿರುವುದು ಇನ್ನೊಬ್ಬರು ಬಿಟ್ಟುಹೋದ ದಡದಲ್ಲಿ ಎಂಬುದನ್ನು ನೋಡಲು ಹೋದವರು ತಿಳಿದಿರುವುದು ಒಳ್ಳೆಯದು.

ಅಂದು ಕುಟುಂಬದವರಿಗೆ ಹಡಗು ಹತ್ತಲು ಅನುಮತಿ ಇತ್ತು. ಹುಡುಗ ಮೊದಲೇ ನಮ್ಮ ಹೆಸರುಗಳನ್ನು ಬರೆದುಕೊಟ್ಟಿದ್ದ. ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿ, ಫೋನು ಒಪ್ಪಿಸಿ ಒಳಗೆ ಹೋದೆವು. ಒಳಗೆ ಮೆಟ್ಟಿಲುಗಳೆಂಬುವು ಇಲ್ಲ; ನಮ್ಮ ಅಟ್ಟದ ಏಣಿಗಿಂತ ಕಡಿದಾದ ಕಬ್ಬಿಣದ ಏಣಿಗಳು. ತಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಇಳಿದಳು. ಒಂದರ ಮೇಲೊಂದು ಮೂರು ಮಲಗುವ ಹಲಗೆಗಳು, ನಡುವಿನದು ಮಗನದು. ಎದ್ದು ಕೂರಲು ತಲೆಗೆ ಜಾಗವಿಲ್ಲ. ಬಟ್ಟೆಬರೆಗೆ ಒಂದು ಪುಟ್ಟ ಕಪಾಟು. ಆಕೆ ಆ ಹಾಸಿಗೆಯ ಮೇಲೆ ಕೈಯಾಡಿಸಿ ಬಹಳ ಹೊತ್ತು ನಿಂತಳು. “ಐದು ಕೆ.ಜಿ. ನಿಪ್ಪಟ್ಟು ಕಳಿಸಿದ್ದೆನಲ್ಲ, ಎಲ್ಲಿಟ್ಟೆಯೋ?” ಎಂದು ಕೇಳಿದಳು. ಹುಡುಗ ನಕ್ಕು, ಬಂದ ದಿನವೇ ಎಲ್ಲರೂ ಸೇರಿ ಮುಗಿಸಿದರೆಂದ. ಮಗ ಫೋನಿನಲ್ಲಿ ಏನೂ ಕಳಿಸಬೇಡ ಎಂದಾಗಲೆಲ್ಲ, ಇವನಿಗೆ ಮನೆಯ ರುಚಿ ಬೇಡವಾಯಿತೆಂದು ಆಕೆ ನೊಂದಿದ್ದಳಂತೆ.

ಹಗಲು ರಾತ್ರಿಯೆನ್ನದೆ ಸರದಿಯ ಮೇಲೆ ನಾಲ್ಕು ಗಂಟೆಗಳ ಪಹರೆ ಇರುವುದೂ ಅಂದು ತಿಳಿಯಿತು. ಬೆಳಗಿನ ಹತ್ತು ಗಂಟೆಗೆ ಮಗ ನಿದ್ದೆಗಣ್ಣಿನಲ್ಲಿ ಮಾತನಾಡಿದರೆ ಸೋಮಾರಿಯಾದನೆಂದು ಗದರುತ್ತಿದ್ದ ತಂದೆ, ಆ ವಿವರಣೆಯನ್ನು ಕೇಳಿ ಸುಮ್ಮನಾದ. ಒಂದು ದಿನದ ಭೇಟಿಯಿಂದ ಆ ಮನೆಯ ಫೋನಿನ ಮಾತುಗಳ ಧಾಟಿಯೇ ಬದಲಾಯಿತೆಂದು ಅವನೇ ಹೇಳಿದ್ದಾನೆ. ಈಗ ಅವನು ಮೊದಲು ಕೇಳುವುದು, “ಪಹರೆ ಮುಗಿಯಿತೇನಪ್ಪ?” ಎಂದು.

ಇನ್ನೊಂದು ಮನೆಯ ವಿಷಯವನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಆ ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಹುಡುಗ ಹಡಗಿನಲ್ಲಿದ್ದಾಗ ಊರಿನಲ್ಲಿ ಅವನ ಅಜ್ಜಿ ತೀರಿಕೊಂಡರು. ಅವನನ್ನು ಸಾಕಿದವರೇ ಅವರು. ಸಮುದ್ರದ ಮೇಲಿರುವವನಿಗೆ ಹೇಳಿ ಪ್ರಯೋಜನವೇನು, ಬರಲಂತೂ ಆಗದು, ಸುಮ್ಮನೆ ಅಳುತ್ತಾನೆ ಎಂದು ಮನೆಯವರು ತೀರ್ಮಾನಿಸಿದರು. ಅಜ್ಜಿ ಎಲ್ಲಿ ಎಂದು ಕೇಳಿದಾಗಲೆಲ್ಲ ಮಲಗಿದ್ದಾರೆ, ನೆಂಟರ ಮನೆಗೆ ಹೋಗಿದ್ದಾರೆ ಎಂದರು. ಮೂರು ತಿಂಗಳ ಮೇಲೆ ಹುಡುಗ ರಜೆಗೆ ಬಂದ, ಕೈಯಲ್ಲಿ ಅಜ್ಜಿಗೆಂದು ತಂದ ಸೀರೆ. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಕಂಡು ಅವನು ಅಳಲಿಲ್ಲವಂತೆ, ಜಗಳವನ್ನೂ ಆಡಲಿಲ್ಲವಂತೆ. ಸೀರೆಯನ್ನು ಅದರ ಕೆಳಗಿಟ್ಟು ಹೊರಗೆ ಹೋದ. ಆದರೆ ಅಂದಿನಿಂದ ಇಂದಿನವರೆಗೆ, ಫೋನಿನಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ತಾಯಿ ಹೇಳಿದರೆ, “ನಿಜವಾಗಿಯೂ?” ಎಂದು ಕೇಳುತ್ತಾನೆ. ಎರಡು ಸಲ, ಮೂರು ಸಲ ಕೇಳುತ್ತಾನೆ. ತಂದೆಗೆ ಸ್ವಲ್ಪ ನೆಗಡಿಯೆಂದರೂ ಪಕ್ಕದ ಮನೆಗೆ ಫೋನು ಮಾಡಿ ವಿಚಾರಿಸುತ್ತಾನೆ.

ನಿಜ ಹೇಳದಿರುವುದು ಪ್ರೀತಿಯಿಂದಲೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ದೂರದಲ್ಲಿರುವವನಿಗೆ ಮನೆಯೆಂದರೆ ಫೋನಿನಲ್ಲಿ ಕೇಳಿದ ಮಾತುಗಳೇ. ಆ ಮಾತುಗಳ ಮೇಲೆ ನಂಬಿಕೆ ಹೋದರೆ ಅವನಿಗೆ ಉಳಿಯುವುದೇನು? ಸಾವಿನ ಸುದ್ದಿಯಿರಲಿ, ಕಾಯಿಲೆಯ ಸುದ್ದಿಯಿರಲಿ, ಹೇಳಿಬಿಡಬೇಕು. ಹಡಗಿನಲ್ಲಿ ಮೇಲಧಿಕಾರಿಗಳಿರುತ್ತಾರೆ, ಜೊತೆಗಾರರಿರುತ್ತಾರೆ. ಅವನ ದುಃಖವನ್ನು ಹಂಚಿಕೊಳ್ಳಲು ಅಲ್ಲಿಯೂ ಮನುಷ್ಯರಿದ್ದಾರೆ. ಹಡಗಿಗೆ ಹೋಗಿ ಆ ಜೊತೆಗಾರರ ಮುಖ ನೋಡಿ ಬಂದವರು ಇದನ್ನು ಬೇಗ ಒಪ್ಪುತ್ತಾರೆ. ನೋಡದವರಿಗೆ ಮಗ ಕಡಲಿನ ನಡುವೆ ಒಬ್ಬನೇ ಕುಳಿತಿರುವಂತೆ ಭಾಸವಾಗುತ್ತದೆ.

ಹೇಳಬೇಕಾದದ್ದನ್ನು ಮುಚ್ಚಿಡುವ ನಾವೇ, ಕೇಳಬಾರದ್ದನ್ನು ಕೇಳುತ್ತೇವೆ. ಈಗ ಎಲ್ಲಿದ್ದೀಯ, ಹಡಗು ಯಾವಾಗ ಹೊರಡುತ್ತದೆ, ಎಲ್ಲಿಗೆ? ತಾಯಿಯ ಬಾಯಲ್ಲಿ ಸಹಜವಾದ ಪ್ರಶ್ನೆಗಳು. ಅವನು ಉತ್ತರ ಹೇಳಬಾರದು. ಹೇಳಿದರೆ ನಾವು ಅದನ್ನು ವಾಟ್ಸಾಪಿನಲ್ಲಿ ಹಾಕಬಾರದು. 2019ರ ಡಿಸೆಂಬರಿನಲ್ಲಿ ಕೆಲವು ನಾವಿಕರು ಶತ್ರುದೇಶದ ಬೇಹುಗಾರರ ಬಲೆಗೆ ಬಿದ್ದು ಬಂಧನವಾದ ಪ್ರಕರಣದ ನಂತರ, ಹಡಗುಗಳಲ್ಲಿ ಮತ್ತು ನೆಲೆಗಳಲ್ಲಿ ಸ್ಮಾರ್ಟ್‌ಫೋನು, ಫೇಸ್‌ಬುಕ್ಕುಗಳನ್ನು ನೌಕಾಪಡೆ ನಿಷೇಧಿಸಿತು. ಬಲೆ ಬೀಸುವವರಿಗೆ ಮನೆಯವರ ಸ್ಟೇಟಸ್ಸೂ ಸಾಕು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ಸಮಯದಲ್ಲಿ ವಿಮಾನವಾಹಕ ನೌಕೆಯ ಪಡೆ ಅರಬ್ಬೀ ಸಮುದ್ರದಲ್ಲಿ ಸಜ್ಜಾಗಿ ನಿಂತಿತ್ತು. ಆ ದಿನಗಳಲ್ಲಿ ಮಗನ ಫೋನು ಬಾರದೆ ನಿದ್ದೆಗೆಟ್ಟ ತಾಯಿಯೊಬ್ಬಳು, ನೆಂಟರೆಲ್ಲ ಕೇಳಿದಾಗ, “ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ” ಎಂದಳು. ಆಕೆ ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಓದಿದ ನಮ್ಮಲ್ಲಿ ಎಷ್ಟು ಜನಕ್ಕೆ ಅಷ್ಟು ಸಂಯಮವಿದೆ?

ಭಯಪಡಬೇಡಿ ಎಂದು ನಾನು ಹೇಳಲಾರೆ. 1971ರ ಡಿಸೆಂಬರ್ 9ರ ರಾತ್ರಿ ಖುಕ್ರಿ ಹಡಗು ಮುಳುಗಿದಾಗ 18 ಅಧಿಕಾರಿಗಳೂ 176 ನಾವಿಕರೂ ಅದರೊಡನೆ ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. 2013ರ ಆಗಸ್ಟಿನಲ್ಲಿ ಮುಂಬೈ ಬಂದರಿನಲ್ಲಿ ನಿಂತಿದ್ದ ಸಿಂಧುರಕ್ಷಕ್ ಜಲಾಂತರ್ಗಾಮಿಯಲ್ಲಿ ಸ್ಫೋಟವಾಗಿ 18 ಮಂದಿ ಸತ್ತರು, ಅಂದು ಯುದ್ಧವಿರಲಿಲ್ಲ. ಭಯಕ್ಕೆ ಕಾರಣವಿದೆ. ಆದರೆ ಕಂಡು ಪಡುವ ಭಯಕ್ಕೆ ಒಂದು ಮಿತಿಯಿರುತ್ತದೆ. ಜಲಾಂತರ್ಗಾಮಿಯೊಳಗೆ ಹೋಗಲು ಯಾರಿಗೂ ಸುಲಭವಾಗಿ ಅನುಮತಿ ಸಿಗದು. ಆದರೆ ವಿಶಾಖಪಟ್ಟಣದ ಕಡಲತೀರದಲ್ಲಿ 2001ರಲ್ಲಿ ನಿವೃತ್ತವಾದ ಕುರ್ಸುರಾವನ್ನು ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ. ಟಿಕೇಟು ಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಬರಬಹುದು. ಕಾರವಾರದ ಠಾಗೋರ್ ತೀರದಲ್ಲಿ ಚಪಲ್ ಎಂಬ ಕ್ಷಿಪಣಿ ದೋಣಿ ಹಾಗೆಯೇ ಇದೆ.

ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಪ್ರತ್ಯೇಕವಾಗಿ ಒಂದು ಮಾತು. 2023ರ ಮಾರ್ಚ್ 28ರಂದು ಚಿಲ್ಕಾದಲ್ಲಿ ನಡೆದ ಮೊದಲ ಅಗ್ನಿವೀರರ ನಿರ್ಗಮನ ಪಥಸಂಚಲನದಲ್ಲಿ ಸುಮಾರು 2600 ಮಂದಿ ಇದ್ದರು. ಅವರಲ್ಲಿ 270ಕ್ಕೂ ಹೆಚ್ಚು ಹುಡುಗಿಯರು. ನೌಕಾಪಡೆ ಹುಡುಗಿಯರನ್ನು ನಾವಿಕರಾಗಿ ಸೇರಿಸಿಕೊಂಡದ್ದು ಅದೇ ಮೊದಲು. ನಮ್ಮ ಕಡೆ ಮಗಳನ್ನು ಕೋಲಾರದ ಹಾಸ್ಟೆಲಿಗೆ ಬಿಟ್ಟರೆ ವಾರಕ್ಕೊಮ್ಮೆ ಹೋಗಿ ಬರುತ್ತೇವೆ. ಹಡಗಿಗೆ ಕಳಿಸಿದವರು ಒಮ್ಮೆಯೂ ಹೋಗದಿದ್ದರೆ, ಊರಿನವರ ಬಾಯಿಗೆ ಉತ್ತರ ಹೇಳುವ ಶಕ್ತಿ ಅವರಿಗೆ ಎಲ್ಲಿಂದ ಬರಬೇಕು? “ನಾನು ನೋಡಿ ಬಂದಿದ್ದೇನೆ” ಎಂಬ ತಂದೆಯ ಒಂದು ಮಾತು ಹತ್ತು ಬಾಯಿ ಮುಚ್ಚಿಸುತ್ತದೆ.

ಹಣದ ವಿಷಯ ಬೇಡವೆಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ಅಗ್ನಿವೀರರಿಗೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ ಗೊತ್ತುಮಾಡಿ, ಅದರಲ್ಲಿ 9,000ವನ್ನು ಸೇವಾನಿಧಿಗೆ ಹಿಡಿದು, 21,000 ಕೈಗೆ ಕೊಡುವ ವ್ಯವಸ್ಥೆ ಯೋಜನೆಯಲ್ಲಿದೆ. ಸರ್ಕಾರವೂ ಅಷ್ಟೇ ಸೇರಿಸಿ, ನಾಲ್ಕು ವರ್ಷದ ಕೊನೆಗೆ ಬಡ್ಡಿಯೊಂದಿಗೆ ಸುಮಾರು 11.71 ಲಕ್ಷ ಕೊಡುತ್ತದೆ. ಆ ಹಣ ಬರುವ ಮೊದಲೇ ಅದರಲ್ಲಿ ಎಷ್ಟು ಅಡಿ ಕೊಳವೆಬಾವಿ ಕೊರೆಸಬಹುದೆಂದು ಲೆಕ್ಕ ಹಾಕುವ ತಂದೆಯರನ್ನು ಕಂಡಿದ್ದೇನೆ. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸಿಗೆ ಹೊರಬಂದು ಎರಡನೆಯ ಬದುಕು ಕಟ್ಟಿಕೊಳ್ಳಬೇಕಾದ ಮಗುವಿನ ಬಂಡವಾಳ ಅದು. ಅದನ್ನು ಮುಟ್ಟಬಾರದು. ಆ ನಡುವಿನ ಹಲಗೆಯನ್ನು ನೋಡಿ ಬಂದ ನನ್ನ ವಿದ್ಯಾರ್ಥಿ, ಮಗನ ಹಣದ ಮಾತನ್ನು ಮತ್ತೆ ಎತ್ತಿಲ್ಲ.

ಹೊರಡುವವರಿಗೆ ಒಂದೆರಡು ವಿಷಯ. ಕಾರವಾರಕ್ಕೆ ಬೆಂಗಳೂರಿನಿಂದ ರಾತ್ರಿ ರೈಲಿದೆ, ಬೆಳಗ್ಗೆ ತಲುಪುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಜಡಿಮಳೆ; ನಮ್ಮ ಅವರೆಕಾಯಿಯ ಕಾಲವೇ ಒಳ್ಳೆಯದು. ದಿನವನ್ನು ಮಗುವಿಗೇ ಬಿಡಿ. ಹಡಗು ಬಂದರಿನಲ್ಲಿರುವ ದಿನ ಅದು ಹೇಳುತ್ತದೆ, ಕೊನೆಯ ಗಳಿಗೆಯಲ್ಲಿ ಬದಲಾಗಲೂಬಹುದು. ಬದಲಾದರೆ ಕೋಪ ಬೇಡ. ಆಧಾರ್ ಚೀಟಿ ಮರೆಯಬೇಡಿ. ಹೆಂಗಸರು ಜಾರದ ಚಪ್ಪಲಿ ಹಾಕಿಕೊಳ್ಳಲಿ. ತಿಂಡಿ ಒಯ್ಯುವುದಾದರೆ ಮಗುವಿಗೆ ಮಾತ್ರ ಸಾಲುವಷ್ಟಲ್ಲ, ಆ ಕೋಣೆಯಲ್ಲಿ ಮಲಗುವ ಎಲ್ಲರಿಗೂ ಒಂದೊಂದು ಬರುವಷ್ಟು ಒಯ್ಯಿರಿ. ಅನುಮತಿಗಾಗಿ ಕಾಗದ ಬರೆಯುವುದು ಕಷ್ಟವೆನಿಸಿದವರು ಸಂಜೆ ಐದರ ಮೇಲೆ ನಮ್ಮ ಮನೆಗೆ ಬರಬಹುದು, ಕುಳಿತು ಬರೆಯೋಣ.